ಮಾರ್ಲ್‌ಬರೋ ಸಂಗೀತೋತ್ಸವ: 31 ವರ್ಷದ ಮೇಲೆ ಎರಡನೇ ಸಲ

ಮೊದಲೇ ಹೇಳಿಬಿಡುತ್ತೇನೆ, ಇದು ಸಿಗರೇಟಿನ ವಿಷಯ ಅಲ್ಲ. ಮೈಸೂರಿನಲ್ಲಿ ಬೆಳಗಿನ ವಾಕಿಂಗಿಗೆ ಜೊತೆಯಾಗುವ ಗೆಳೆಯರಿಗೆ "ಮಾರ್ಲ್‌ಬರೋಗೆ ಹೋಗಿ ಬಂದೆ" ಅಂದಾಗ ಒಬ್ಬರು "ಈ ವಯಸ್ಸಲ್ಲಿ ಶುರು ಮಾಡಿದ್ರಾ?" ಅಂದರು.

ಮಾರ್ಲ್‌ಬರೋ ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರು. ಅಲ್ಲಿನ ಬೆಟ್ಟದ ಮೇಲೆ 1951ರಿಂದ ಬೇಸಿಗೆಯಲ್ಲಿ ಏಳು ವಾರ ಚೇಂಬರ್ ಸಂಗೀತ ನಡೆಯುತ್ತದೆ. ಮೂರು ಜನ, ನಾಲ್ಕು ಜನ, ಹೆಚ್ಚೆಂದರೆ ಎಂಟೊಂಬತ್ತು ಜನ ಸೇರಿ, ಕೋಲು ಆಡಿಸುವ ಕಂಡಕ್ಟರ್ ಇಲ್ಲದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವ ಸಂಗೀತ. ನಾನು ಅಲ್ಲಿಗೆ ಮೊದಲು ಹೋದದ್ದು 1992ರಲ್ಲಿ. ಎರಡನೇ ಸಲ 2023ರಲ್ಲಿ. ನಡುವೆ ಒಂದು ಮದುವೆ, ಒಬ್ಬಳು ಮಗಳು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಮೆಷಿನ್ನುಗಳ ಗದ್ದಲದಲ್ಲಿ ಇಪ್ಪತ್ತೈದು ವರ್ಷ, ಕೊನೆಗೆ ಎಡಗಿವಿಗೊಂದು ಹಿಯರಿಂಗ್ ಏಡ್.

ಮೊದಲನೇ ಸಲದ ಕಥೆ ಹೇಳದೆ ಎರಡನೆಯದರ ಬೆಲೆ ಕಟ್ಟಲು ಆಗುವುದಿಲ್ಲ.

ಆಗ ನಾನು ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ಓದುತ್ತಿದ್ದೆ. ವಯಸ್ಸು 26. ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸ್ಕೂಲ್ ಟೀಚರ್ ಆಗಿ ನಿವೃತ್ತರಾದವರು, ಮಾತು ಕಡಿಮೆ. ಚಿಕ್ಕಂದಿನಲ್ಲಿ ನಾನು ಪಿಟೀಲು ಕಲಿತಿದ್ದೆ ಅಂತ ಒಮ್ಮೆ ಬಾಯಿ ಜಾರಿ ಹೇಳಿದ್ದೆ. ನಮ್ಮಲ್ಲಿ ಕುಳಿತು ನುಡಿಸುತ್ತಾರೆ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿಕೊಳ್ಳುತ್ತಾರೆ ಅಂದದ್ದಕ್ಕೆ ಅವರು ನಂಬದೆ ಪೊರಕೆ ಕೊಟ್ಟು "ತೋರಿಸು" ಅಂದರು. ತೋರಿಸಿದೆ. ಮುಂದಿನ ಭಾನುವಾರ ಕಾರು ತೆಗೆದು "ಹತ್ತು" ಅಂದರು. ಎಲ್ಲಿಗೆ ಅಂತ ಹೇಳಲಿಲ್ಲ. ಹೆದ್ದಾರಿ 91ರಲ್ಲಿ ಉತ್ತರಕ್ಕೆ ಹೋಗಿ, ಬ್ರಾಟಲ್‌ಬರೋ ಊರಿನಲ್ಲಿ ಇಳಿದು, ರೂಟ್ 9 ಹಿಡಿದು ಬೆಟ್ಟ ಹತ್ತಿದೆವು. ಒಂದು ಗಂಟೆ ಚಿಲ್ಲರೆ. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. "ಮೊದಲ ವಯೊಲಿನ್ ಎಲ್ಲರೂ ನೋಡುತ್ತಾರೆ. ನೀನು ವಯೋಲಾ ನೋಡು."

ವಯೋಲಾ ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ನಮ್ಮ ಕಚೇರಿಯಲ್ಲಿ ಹಿಂದೆ ಕೂತು ತಂಬೂರಿ ಮೀಟುವವರನ್ನು ಯಾರಾದರೂ ನೋಡುತ್ತಾರಾ? ವಯೋಲಾಗೂ ಅಲ್ಲಿ ಹೆಚ್ಚುಕಡಿಮೆ ಅದೇ ಪಾಡು. ಅದರ ಮೇಲೆ ಜೋಕುಗಳೇ ಇವೆ.

ಕಾರ್ಯಕ್ರಮದಲ್ಲಿ ಇದ್ದದ್ದು ಆಸ್ಟ್ರಿಯಾದ ಸಂಯೋಜಕ ಶೂಬರ್ಟನ ಸಿ ಮೇಜರ್ ಕ್ವಿಂಟೆಟ್, ಅಂದರೆ ಐದು ಜನ ನುಡಿಸುವ ಕೃತಿ; ಅವನ ಕೃತಿಗಳ ಪಟ್ಟಿಯಲ್ಲಿ ಡಿ. 956. ಎರಡು ವಯೊಲಿನ್, ಒಂದು ವಯೋಲಾ, ಎರಡು ಚೆಲ್ಲೋ (ವಯೋಲಾಗಿಂತ ಇನ್ನೂ ದೊಡ್ಡದು). ಶೂಬರ್ಟ್ ಇದನ್ನು ಬರೆದದ್ದು 1828ರಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮುಂಚೆ. ಅವನಿಗೆ 31. ಪ್ರಕಾಶಕನಿಗೆ ಬರೆದು ಕೇಳಿದ್ದಕ್ಕೂ ಏನೂ ಆಗಲಿಲ್ಲ. ಜನರ ಮುಂದೆ ಮೊದಲ ಸಲ ನುಡಿಸಿದ್ದು 1850ರಲ್ಲಿ, ಅಚ್ಚಾದದ್ದು 1853ರಲ್ಲಿ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ದಿನ ನನಗೆ ಗೊತ್ತಿದ್ದದ್ದು ಇಷ್ಟೇ: ತೊಡೆ ಮೇಲೆ ತಾಳ ಹಾಕುತ್ತಿದ್ದೇನೆ, ಸಮ, ಅಂದರೆ ತಾಳ ಶುರುವಾಗುವ ಪೆಟ್ಟು, ಸಿಗುತ್ತಿಲ್ಲ. ಪಕ್ಕದ ಸೀಟಿನವರು ನನ್ನ ಕೈಯನ್ನೇ ನೋಡುತ್ತಿದ್ದಾರೆ. ನಿಲ್ಲಿಸಿದೆ.

ಎರಡನೇ ಭಾಗ ಬಂತು. ಅದು ಎಷ್ಟು ವಿಳಂಬ ಅಂದರೆ, ತಾಳ ಅನ್ನುವುದೇ ಕರಗಿಹೋಗುತ್ತದೆ. ನಡುವಿನ ಮೂವರು ಉದ್ದುದ್ದ ಸ್ವರ ಹಿಡಿದು ನಿಂತಿದ್ದಾರೆ. ಎರಡನೇ ಚೆಲ್ಲೋದವರು ತಂತಿಯನ್ನು ಬೆರಳಿನಿಂದ ಮೀಟುತ್ತಾರೆ. ಮೇಲೆ ಮೊದಲ ವಯೊಲಿನ್ ಒಂದೊಂದೇ ಹನಿ ಉದುರಿಸುತ್ತದೆ. ನಾನು ಮನೆಯೊಡತಿ ಹೇಳಿದ ಹಾಗೆ ವಯೋಲಾ ನೋಡುತ್ತಿದ್ದೆ. ವಯೋಲಾದವಳು ಏನೂ ಮಾಡುತ್ತಿರಲಿಲ್ಲ. ಒಂದು ಸ್ವರ ಹಿಡಿದಿದ್ದಾಳೆ, ಅಷ್ಟೇ. ಆದರೆ ಆ ಸ್ವರ ಒಂದು ಎಳೆ ಅಲುಗಿದರೆ ಮೇಲಿನದೆಲ್ಲ ಬಣ್ಣ ಬದಲಿಸುತ್ತಿತ್ತು. ನನ್ನ ಎದೆ ಯಾಕೆ ಹಾಗೆ ಹಿಡಿದುಕೊಂಡಿತು ಅಂತ ಇವತ್ತಿಗೂ ಬಿಡಿಸಿ ಹೇಳಲಾರೆ.

ನಿಜವಾದ ಏಟು ಬಿದ್ದದ್ದು ಕೊನೆಯಲ್ಲಿ. ಸುಮಾರು ಐವತ್ತು ನಿಮಿಷ ಅರ್ಥವಾಗದ ಭಾಷೆ ಕೇಳಿದ ಮೇಲೆ, ಐದೂ ಜನ ಸೇರಿ ಜೋರಾಗಿ ಎರಡು ಸ್ವರ ನುಡಿಸಿ ನಿಲ್ಲಿಸುತ್ತಾರೆ. ರಿ, ಸ. ಶುದ್ಧ ರಿಷಭ, ಷಡ್ಜ. ನಮ್ಮ ಮೇಷ್ಟ್ರು ಲಕ್ಷ್ಮೀಪುರಂನ ಮನೆ ಜಗುಲಿಯಲ್ಲಿ ಎಂಟು ವರ್ಷದ ನನಗೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹೇಳಿಕೊಡುತ್ತಾ "ರಿಷಭ ಷಡ್ಜದ ಪಕ್ಕದ ಮನೇಲಿದೆ ಕಣೋ, ಮುಂದಿನ ಬೀದೀಲಲ್ಲ" ಅಂತ ಬಯ್ಯುತ್ತಿದ್ದ ಅದೇ ರಿಷಭ. ಪಾಶ್ಚಾತ್ಯರ ಲೆಕ್ಕದಲ್ಲಿ ಅದು ಡಿ ಫ್ಲಾಟ್‌ನಿಂದ ಸಿ. ಸಿ ಮೇಜರ್ ಕೃತಿಯಲ್ಲಿ ಆ ಡಿ ಫ್ಲಾಟ್ ಪರಕೀಯ. ಅದಕ್ಕೇ ಅಲ್ಲಿನವರ ಕಿವಿಗೆ ಆ ಕೊನೆ ಕಹಿಯಾಗಿ ಚುಚ್ಚುತ್ತದೆ. ನನಗೆ ಮಾತ್ರ ಯಾರೋ ಬಾಗಿಲ ಹತ್ತಿರ ನಿಂತು ಮನೆ ಹೆಸರು ಹಿಡಿದು ಕರೆದ ಹಾಗಾಯಿತು.

ಅವತ್ತಿನಿಂದ ಚೇಂಬರ್ ಸಂಗೀತ ಕೇಳುತ್ತಿದ್ದೇನೆ. ಮೈಸೂರಿಗೆ ವಾಪಸ್ಸಾದ ಮೇಲೂ ಕ್ಯಾಸೆಟ್, ಸೀಡಿ, ಈಗ ಫೋನು. ಪಿಟೀಲು ಮತ್ತೆ ಹಿಡಿಯಲಿಲ್ಲ, ಅದು ಬೇರೆ ಮಾತು.

ಇನ್ನು ಈ ಜಾಗದ ಬಗ್ಗೆ. ಇದನ್ನು ಕಟ್ಟಿದವರು ಮನೆ ಬಿಟ್ಟು ಬಂದವರು. ಪಿಯಾನೋದ ರುಡಾಲ್ಫ್ ಸೆರ್ಕಿನ್, ಅವರ ಮಾವ ವಯೊಲಿನ್‌ನ ಅಡಾಲ್ಫ್ ಬುಶ್, ಬುಶ್ ಅವರ ತಮ್ಮ ಚೆಲ್ಲೋದ ಹರ್ಮನ್ ಬುಶ್, ಫ್ರಾನ್ಸಿನಿಂದ ಬಂದ ಕೊಳಲಿನ ಮಾರ್ಸೆಲ್ ಮೊಯೀಸ್, ಅವರ ಮಗ ಲೂಯಿ, ಸೊಸೆ ಬ್ಲಾಂಶ್. ಸೆರ್ಕಿನ್ ಯಹೂದಿ. ಬುಶ್ ಯಹೂದಿ ಅಲ್ಲ, ಆದರೂ 1933ರಲ್ಲಿ ಹಿಟ್ಲರ್ ಬಂದ ಮೇಲೆ ತನ್ನ ಸ್ವಂತ ದೇಶದಲ್ಲಿ ನುಡಿಸುವುದಿಲ್ಲ ಅಂತ ಕೂತರು. ಆ ಹಟಕ್ಕೆ ಬಹಳ ಕಳೆದುಕೊಂಡರು. ಉತ್ಸವ ಶುರುವಾದ ಮರುವರ್ಷ, 1952ರಲ್ಲಿ, ಇಲ್ಲೇ ವರ್ಮಾಂಟಿನಲ್ಲಿ ತೀರಿಕೊಂಡರು. ಸೆರ್ಕಿನ್ 1991ರ ತನಕ ನಡೆಸಿದರು. ನಾನು ಮೊದಲು ಹೋದಾಗ ಅವರು ಹೋಗಿ ಒಂದೇ ವರ್ಷವಾಗಿತ್ತು. ನಮ್ಮ ಮನೆಯೊಡತಿ ಒಂದು ಖಾಲಿ ಕುರ್ಚಿಯ ಕಡೆ ನೋಡಿ ಸುಮ್ಮನಾದದ್ದು ನೆನಪಿದೆ.

ಇಲ್ಲಿನ ಪದ್ಧತಿ ವಿಚಿತ್ರ. ಗುರು, ಶಿಷ್ಯ ಅನ್ನುವ ಭೇದ ಇಲ್ಲ. ಪ್ರಪಂಚ ಸುತ್ತಿದ ಹಿರಿಯರೂ ಈಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರೂ ಒಂದೇ ಗುಂಪಿನಲ್ಲಿ ಕೂತು ನುಡಿಸುತ್ತಾರೆ. ಹಿರಿಯರು ಹೊರಗೆ ನಿಂತು ತಿದ್ದುವುದಲ್ಲ, ಒಳಗೆ ಕೂತು ತಾವೂ ತಪ್ಪು ಮಾಡುವುದು. ವಾರಗಟ್ಟಲೆ ಅಭ್ಯಾಸ. ಅಭ್ಯಾಸ ಮಾಡಿದ್ದರಲ್ಲಿ ಸಣ್ಣ ಪಾಲು ಮಾತ್ರ ಜನರ ಮುಂದೆ ಬರುತ್ತದೆ. ಉಳಿದದ್ದು ಅವರಿಗೇ. ನನಗೆ ಗೊತ್ತಿರುವ ಮಟ್ಟಿಗೆ ನಮ್ಮ ಯಾವ ಸಭೆಯೂ ಇಂಥ ಐಷಾರಾಮ ಕೊಡುವುದಿಲ್ಲ. ನಮ್ಮಲ್ಲಿ ಪಕ್ಕವಾದ್ಯದವರು ಮುಖ್ಯ ಕಲಾವಿದರನ್ನು ಮೊದಲ ಸಲ ನೋಡುವುದೇ ವೇದಿಕೆ ಮೇಲೆ ಅನ್ನುವ ದಿನಗಳಿವೆ. ಅದರ ರುಚಿಯೇ ಬೇರೆ, ಒಪ್ಪಿದೆ. ಆದರೂ.

ಗ್ವಾರ್ನೇರಿ ಕ್ವಾರ್ಟೆಟ್ ಅನ್ನುವ ನಾಲ್ವರ ಹೆಸರಾಂತ ತಂಡ 1964ರಲ್ಲಿ ಹುಟ್ಟಿದ್ದು ಇಲ್ಲಿಯೇ. ಚೆಲ್ಲೋದ ಮಹಾನುಭಾವ ಪ್ಯಾಬ್ಲೊ ಕಸಾಲ್ಸ್ 1960ರಿಂದ 1973ರವರೆಗೆ ಬೇಸಿಗೆಯಲ್ಲಿ ಬರುತ್ತಿದ್ದರು. ಇನ್ನೊಬ್ಬ ಚೆಲ್ಲೋ ಕಲಾವಿದ ಯೋ-ಯೋ ಮಾ ಹುಡುಗನಾಗಿದ್ದಾಗ ಬಂದು ಸಂಗೀತದ ಜೊತೆಗೆ ಹೆಂಡತಿಯನ್ನೂ ಇಲ್ಲೇ ಕಂಡುಕೊಂಡರು. ಇಷ್ಟೆಲ್ಲ ದೊಡ್ಡವರು ಊಟದ ಮನೆಯಲ್ಲಿ ಪೇಪರ್ ನ್ಯಾಪ್‌ಕಿನ್ ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ ಅಂತ ಮನೆಯೊಡತಿ ಹೇಳಿದಾಗ ತಮಾಷೆ ಅಂದುಕೊಂಡಿದ್ದೆ. ತಮಾಷೆ ಅಲ್ಲ, ಇದು ಇಲ್ಲಿನ ಸಂಪ್ರದಾಯವೇ. ರಸ್ತೆ ಬದಿಯಲ್ಲಿ ಒಂದು ಬೋರ್ಡು ಕೂಡ ಇದೆ: ಎಚ್ಚರಿಕೆ, ಸಂಗೀತಗಾರರು ಆಟವಾಡುತ್ತಿದ್ದಾರೆ. "ಆಡುವುದು" ಮತ್ತು "ನುಡಿಸುವುದು" ಇಂಗ್ಲಿಷಿನಲ್ಲಿ ಒಂದೇ ಪದ ಅಲ್ವಾ, ಅದರ ಮೇಲಿನ ಚಮತ್ಕಾರ.

ಸರಿ, 2023.

ಮಗಳು ಬಾಸ್ಟನ್ನಿನಲ್ಲಿದ್ದಾಳೆ. ಬೇಸಿಗೆಯಲ್ಲಿ ನಾನೂ ಹೆಂಡತಿಯೂ ಅವಳ ಹತ್ತಿರ ಹೋಗಿದ್ದೆವು. ಟಿಕೆಟ್ ಆನ್‌ಲೈನಲ್ಲಿ ಅವಳೇ ತೆಗೆದಳು. ಶನಿವಾರ ರಾತ್ರಿ 8ಕ್ಕೆ ಒಂದು, ಭಾನುವಾರ ಮಧ್ಯಾಹ್ನ 2:30ಕ್ಕೆ ಒಂದು. ಟಿಕೆಟ್ ತೆಗೆಯುವಾಗ ನನ್ನ ಹೆಂಡತಿ ಕೇಳಿದ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳುತ್ತಾರೆ.

"ಏನು ನುಡಿಸ್ತಾರಂತೆ?"

"ಗೊತ್ತಿಲ್ಲ. ಒಂದು ವಾರ ಮುಂಚೆ ಹೇಳ್ತಾರೆ."

"ಇದೇನು? ಇಷ್ಟು ದುಡ್ಡು ಕೊಟ್ಟು?"

"ಕಚೇರೀಲೂ ಯಾವ ರಾಗ ಅಂತ ಮೊದಲೇ ಹೇಳ್ತಾರಾ?"

"ಯಾರು ಹಾಡ್ತಾರೆ ಅಂತಾದ್ರೂ ಹೇಳ್ತಾರಲ್ಲ!"

ಅವಳ ಮಾತು ಸರಿ. ಇಲ್ಲಿ ಎರಡೂ ಮುಂಚೆ ಗೊತ್ತಿರುವುದಿಲ್ಲ. ಯಾವ ಗುಂಪಿನ ಅಭ್ಯಾಸ ಪಕ್ವವಾಗಿದೆಯೋ ಅದು ವೇದಿಕೆಗೆ ಬರುತ್ತದೆ. ಹೆಸರು ನೋಡಿ ಟಿಕೆಟ್ ಕೊಳ್ಳುವವರು ನೀವಾದರೆ ಇಲ್ಲಿಗೆ ಬರಬೇಡಿ. ಜಪಾನಿನಲ್ಲಿ ಹುಟ್ಟಿದ ಪಿಯಾನೋ ಕಲಾವಿದೆ ಮಿತ್ಸುಕೊ ಉಚಿಡಾ ಮತ್ತು ಜೊನಾಥನ್ ಬಿಸ್ ಇಬ್ಬರೂ ಈಗ ಕಲಾ ನಿರ್ದೇಶಕರು. ಹಾಗಂತ ನೀವು ಹೋದ ದಿನ ಅವರು ನುಡಿಸಿಯೇ ನುಡಿಸುತ್ತಾರೆ ಅಂತಲ್ಲ. ನಾನು ಗುಟ್ಟಾಗಿ ಶೂಬರ್ಟ್ ಕ್ವಿಂಟೆಟ್ ಬರಲಿ ಅಂತ ಕಾಯುತ್ತಿದ್ದೆ. ಬರಲಿಲ್ಲ.

ಬಾಸ್ಟನ್ನಿನಿಂದ ಎರಡೂವರೆ ಗಂಟೆ ದಾರಿ. ಬ್ರಾಟಲ್‌ಬರೋ ದಾಟುವಾಗ ರೂಟ್ 9ರ ಪಕ್ಕದಲ್ಲಿ 1879ರ ಒಂದು ಮರದ ಸೇತುವೆ ಇದೆ, ಮನೆಯ ಹಾಗೆ ಗೋಡೆ, ಮಾಡು ಎಲ್ಲ ಇರುವಂಥದ್ದು. ಹಿಂದಿನ ಸಲ ನೋಡಿದ್ದೆ, ಮರೆತಿದ್ದೆ, ನೋಡಿದ ಕೂಡಲೇ ಮನೆಯೊಡತಿಯ ಕಾರಿನ ವಾಸನೆ ಬಂತು. ಅಲ್ಲಿಂದ ಮೇಲೆ ಫೋನಿನ ಸಿಗ್ನಲ್ ನಂಬಬೇಡಿ. ಟಿಕೆಟ್ಟನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ ಅಥವಾ ಪ್ರಿಂಟ್ ತೆಗೆದುಕೊಳ್ಳಿ. ಜುಲೈ ಅಂತ ಮೋಸ ಹೋಗಬೇಡಿ, ರಾತ್ರಿ ಕಚೇರಿ ಮುಗಿಯುವ ಹೊತ್ತಿಗೆ ಮಡಿಕೇರಿ ಚಳಿ. ನನ್ನ ಹೆಂಡತಿ ಸೀರೆ ಮೇಲೆ ಮಗಳ ಜಾಕೆಟ್ ಹಾಕಿಕೊಂಡು ಓಡಾಡಿದಳು.

ಬೆಟ್ಟದ ಮೇಲೆ ಹೋದಾಗ ಮೊದಲು ಕಣ್ಣಿಗೆ ಹೊಡೆದದ್ದು ಇಲ್ಲದಿರುವುದು. ಈ ಜಾಗ ಮೊದಲು ಮಾರ್ಲ್‌ಬರೋ ಕಾಲೇಜಿನದಾಗಿತ್ತು. 1946ರಲ್ಲಿ, ಯುದ್ಧದಿಂದ ವಾಪಸ್ಸು ಬಂದ ಸೈನಿಕರಿಗೆ ಓದಲು ಅಂತ ಹಳೇ ತೋಟದಮನೆ, ಕೊಟ್ಟಿಗೆಗಳನ್ನೇ ಕ್ಲಾಸ್‌ರೂಮು ಮಾಡಿ ಶುರು ಮಾಡಿದ್ದು. ಬೇಸಿಗೆ ರಜೆಯಲ್ಲಿ ಉತ್ಸವಕ್ಕೆ ಜಾಗ ಬಾಡಿಗೆಗೆ ಸಿಗುತ್ತಿತ್ತು. 1992ರಲ್ಲಿ ಗೋಡೆಗಳ ಮೇಲೆ ವಿದ್ಯಾರ್ಥಿಗಳ ಪೋಸ್ಟರ್, ಮೂಲೆಯಲ್ಲಿ ಯಾರದೋ ಸೈಕಲ್. ಮಕ್ಕಳು ಸಾಲದೆ ಆ ಕಾಲೇಜು 2020ರಲ್ಲಿ ಮುಚ್ಚಿತು. ಅದೇ ಬೇಸಿಗೆ ಕೋವಿಡ್‌ನಿಂದ ಉತ್ಸವವೂ ರದ್ದು. ಮೈಸೂರಿನಲ್ಲಿ ಕೂತು ಸುದ್ದಿ ಓದಿದಾಗ, ಮುಗಿಯಿತು, ಇನ್ನು ಹೋಗಲು ಜಾಗವೇ ಇಲ್ಲ ಅಂದುಕೊಂಡೆ. ಕ್ಯಾಂಪಸ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ, ಕೊನೆಗೆ 2021ರಲ್ಲಿ ಉತ್ಸವದವರೇ ಕೊಂಡುಕೊಂಡರು. ಎಪ್ಪತ್ತು ವರ್ಷ ಬಾಡಿಗೆಗಿದ್ದವರು ಮನೆ ಕೊಂಡ ಹಾಗೆ. ಈಗ ಅದಕ್ಕೆ ಪೊಟ್ಯಾಶ್ ಹಿಲ್ ಅಂತ ಹೆಸರು. ಹೊಸ ಕಟ್ಟಡ ಬಂದಿದೆ, ಹಳೇ ಬಿಳಿ ಮರದ ಮನೆಗಳು ಹಾಗೇ ಇವೆ. ಚೆನ್ನಾಗಿದೆ, ಶುಚಿಯಾಗಿದೆ. ಆದರೂ ಆ ಸೈಕಲ್ ಇದ್ದಿದ್ದರೆ ಅನ್ನಿಸಿತು.

ಸಭಾಂಗಣದ ಹೆಸರು ಪರ್ಸನ್ಸ್ ಆಡಿಟೋರಿಯಂ. ಆರುನೂರು ಜನಕ್ಕೆ ಸ್ವಲ್ಪ ಮೇಲೆ ಹಿಡಿಯುತ್ತದೆ. ಮರದ್ದು, ಸಾದಾ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಮುಂದೆ ಇದು ಕಲ್ಯಾಣ ಮಂಟಪದ ಊಟದ ಹಾಲ್ ಇದ್ದ ಹಾಗೆ. ಅಲಂಕಾರ ಅಂತ ಒಂದು ಹೂವೂ ಇಲ್ಲ. ಸನ್ಮಾನ ಇಲ್ಲ, ಶಾಲು ಇಲ್ಲ, ಅತಿಥಿ ಭಾಷಣ ಇಲ್ಲ. ಇದಕ್ಕೆ ಬೇಕಾದರೆ ನಾನು ಎರಡು ನಕ್ಷತ್ರ ಜಾಸ್ತಿ ಕೊಡುತ್ತೇನೆ. ಕುರ್ಚಿಗೆ ಅರ್ಧ ನಕ್ಷತ್ರ ಕಳೆಯೋಣ ಅಂದುಕೊಂಡೆ, ಆದರೆ ಅದು ನನ್ನ ಬೆನ್ನಿನ ತಪ್ಪು. 1992ರ ಬೆನ್ನು ಎಲ್ಲಿ ಬೇಕಾದರೂ ಕೂರುತ್ತಿತ್ತು. ಒಂದು ಸಣ್ಣ ದಿಂಬು ತೆಗೆದುಕೊಂಡು ಹೋಗಿ. ಅಲ್ಲಿ ಬರುವವರಲ್ಲಿ ನಮ್ಮ ವಯಸ್ಸಿನವರೇ ಜಾಸ್ತಿ, ಯಾರೂ ನಗುವುದಿಲ್ಲ.

ಹಿಯರಿಂಗ್ ಏಡ್ ಬಗ್ಗೆ ಒಂದು ಮಾತು. ನಮ್ಮ ಸಂಗೀತ ಕೇಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಈ ಯಂತ್ರಗಳನ್ನು ಮಾಡಿರುವುದು ಮಾತು ಕೇಳಿಸುವುದಕ್ಕೆ. ಪಿಟೀಲಿನ ಉದ್ದನೆಯ ಸ್ವರವನ್ನು ಅದು ತನ್ನದೇ ಕೀರಲು ಸದ್ದು, ಅಂದರೆ ಫೀಡ್‌ಬ್ಯಾಕ್ ಅಂದುಕೊಂಡು ಅಳಿಸಲು ಹೋಗುತ್ತದೆ. ಆಗ ಸ್ವರ ನಡುಗುತ್ತದೆ. ಶನಿವಾರ ರಾತ್ರಿ ಶುರುವಿನಲ್ಲೇ ಹೈಡನ್ ಅನ್ನುವ ಹಳೇ ಸಂಯೋಜಕನ ಕ್ವಾರ್ಟೆಟ್. ಮೊದಲ ವಯೊಲಿನ್‌ನವನಿಗೆ ಅಷ್ಟು ಚಿಕ್ಕ ವಯಸ್ಸಿಗೇ ಕೈ ನಡುಕವಾ ಅಂತ ಮರುಗಿದೆ. ನಡುಗುತ್ತಿದ್ದದ್ದು ನನ್ನ ಕಿವಿ. ಆಮೇಲೆ ಮಗಳು ಫೋನಿನಲ್ಲಿ ಏನೋ ಒತ್ತಿ 'ಮ್ಯೂಸಿಕ್' ಅಂತ ಒಂದು ಸೆಟ್ಟಿಂಗ್ ಹುಡುಕಿದಳು. ಎರಡು ವರ್ಷದಿಂದ ಅದು ಅಲ್ಲೇ ಇತ್ತಂತೆ, ನನಗೆ ಯಾರೂ ಹೇಳಿರಲಿಲ್ಲ. ಗದ್ದಲ ಕಡಿಮೆ ಮಾಡುವುದು, ಫೀಡ್‌ಬ್ಯಾಕ್ ಅಳಿಸುವುದು ಎರಡನ್ನೂ ತಗ್ಗಿಸಿ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ ಅಂತ ನಿಮ್ಮ ಆಡಿಯಾಲಜಿಸ್ಟ್ ಹತ್ತಿರ ಕೇಳಿ. ಮುಂದಿನ ಡಿಸೆಂಬರ್ ಕಚೇರಿಗಳಿಗೆ ಮುಂಚೆಯೇ ಕೇಳಿ.

ಆ ರಾತ್ರಿ ತಂಗಿದ ಹೋಟೆಲಿನ ಹೆಸರು ಹೇಳುವುದಿಲ್ಲ. ಏಸಿ ಡಿ ಫ್ಲಾಟ್‌ಗೂ ಸಿಗೂ ನಡುವೆ ಎಲ್ಲೋ ಒಂದು ಕಡೆ ಇಡೀ ರಾತ್ರಿ ಗುಂಯ್‌ಗುಟ್ಟಿತು. ಕಿವಿಯ ಯಂತ್ರ ತೆಗೆದಿಟ್ಟು ಮಲಗಿದೆ. ಕಿವುಡಿಗೂ ಒಂದು ಲಾಭ ಇದೆ. ಹೆಂಡತಿಗೆ ಅದೂ ಇಲ್ಲ, ಬೆಳಿಗ್ಗೆ ಅವಳ ಮುಖ ನೋಡುವ ಹಾಗಿರಲಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಾಟಲ್‌ಬರೋದಲ್ಲಿ ಒಂದು ದೊಡ್ಡ ಸಹಕಾರಿ ಅಂಗಡಿ ಇದೆ, ಫುಡ್ ಕೋ-ಆಪ್. ಸಸ್ಯಾಹಾರಿಗಳಿಗೆ ಬೇಕಾದದ್ದು, ಒಳ್ಳೇ ಮೊಸರು ಸಿಗುತ್ತದೆ. ನಾವು ಮನೆಯಿಂದ ಅನ್ನ, ಉಪ್ಪಿನಕಾಯಿ ತಂದಿದ್ದೆವು. ಮೊಸರು ಅಲ್ಲಿ ಕೊಂಡು ಕಲಸಿಕೊಂಡೆವು.

ಭಾನುವಾರದ ಕಚೇರಿಯೇ ನನ್ನ ಪಾಲಿನ ಹಬ್ಬ. ಚೆಕ್ ಸಂಯೋಜಕ ಡ್ವೊರ್ಝಾಕನ ಪಿಯಾನೋ ಕ್ವಿಂಟೆಟ್, ಎ ಮೇಜರ್, ಓಪಸ್ 81. 1887ರದ್ದು. ಡ್ವೊರ್ಝಾಕ್ ಯೌವನದಲ್ಲಿ ಹೊಟ್ಟೆಪಾಡಿಗೆ ಪ್ರಾಗ್‌ನ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುತ್ತಿದ್ದವನು. ಹಿಂದಿನ ಸಾಲಿನಲ್ಲಿ ಕೂತವನ ಕಷ್ಟ ಗೊತ್ತಿದ್ದವನು. ಅದಕ್ಕೇ ಇರಬೇಕು, ಈ ಕೃತಿಯಲ್ಲಿ ವಯೋಲಾಗೆ ಒಳ್ಳೊಳ್ಳೆಯದನ್ನೆಲ್ಲ ಎತ್ತಿಟ್ಟಿದ್ದಾನೆ. 'ದುಮ್ಕಾ' ಅನ್ನುವ ಎರಡನೇ ಭಾಗದಲ್ಲಿ ಪಿಯಾನೋ ನಿಟ್ಟುಸಿರು ಬಿಟ್ಟ ಹಾಗೆ ಕೆಲವು ಸ್ವರ ಹೇಳುತ್ತದೆ, ಆಮೇಲೆ ವಯೋಲಾ ಕೆಳಗಿನ ದನಿಯಲ್ಲಿ ಹಾಡು ಎತ್ತಿಕೊಳ್ಳುತ್ತದೆ. ನುಡಿಸಿದವನಿಗೆ ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಪಿಯಾನೋದಲ್ಲಿ ತಲೆ ಪೂರ್ತಿ ನರೆತವರು. ಹುಡುಗ ಒಂದು ಕಡೆ ಸಾಲಿನ ಕೊನೆಯನ್ನು ಕೂದಲೆಳೆಯಷ್ಟು ಎಳೆದ. ಹಿರಿಯರು ಕತ್ತು ತಿರುಗಿಸಿ ಅವನನ್ನು ನೋಡಿದರು. ಬಯ್ಯುವ ನೋಟ ಅಲ್ಲ, "ಓ, ಹಾಗಾ" ಅನ್ನುವ ನೋಟ. ಮುಂದಿನ ಸಲ ಅದೇ ಸಾಲು ಬಂದಾಗ ಪಿಯಾನೋ ಅವನಿಗಾಗಿ ಅಷ್ಟೇ ಹೊತ್ತು ಕಾಯಿತು. ನಮ್ಮ ಕಚೇರಿಯಾಗಿದ್ದರೆ ನಾನು "ಭೇಷ್" ಅಂತ ಕೂಗಿರುತ್ತಿದ್ದೆ. ಇಲ್ಲಿ ಭಾಗಗಳ ನಡುವೆ ಚಪ್ಪಾಳೆಯೂ ಇಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೂತೆ. ಈ ಮೌನದ ನಿಯಮ ನನಗೆ 31 ವರ್ಷದ ಹಿಂದೆಯೂ ಹಿಡಿಸಲಿಲ್ಲ, ಈಗಲೂ ಇಲ್ಲ. ಒಳ್ಳೆಯದು ಕಂಡಾಗ ತಕ್ಷಣ ಹೇಳದಿದ್ದರೆ ನುಡಿಸುವವರಿಗೆ ಹೇಗೆ ಗೊತ್ತಾಗಬೇಕು?

ಹೆಂಡತಿ ಮಾತ್ರ ಬೇರೆಯೇ ನೋಡಿದ್ದಳು. ಅವಳಿಗೆ ಪಾಶ್ಚಾತ್ಯ ಸಂಗೀತದ ಗಂಧ ಇಲ್ಲ, ಮದುವೆಯಾದ ತಪ್ಪಿಗೆ ಕಿವಿ ಮೇಲೆ ಬಿದ್ದದ್ದು ಅಷ್ಟೇ. "ಶುರು ಮಾಡೋಕೆ ಮುಂಚೆ ಎಲ್ಲರೂ ಒಟ್ಟಿಗೆ ಮೂಗಲ್ಲಿ ಉಸಿರೆಳೀತಾರೆ, ನೋಡಿದ್ರಾ?" ಅಂದಳು. ನಾನು ಅಷ್ಟು ವರ್ಷ ರೆಕಾರ್ಡಿಂಗುಗಳಲ್ಲಿ ಆ ಸದ್ದು ಕೇಳಿದ್ದೇನೆ, ಅದೇ ಶುರುವಿನ ಸನ್ನೆ ಅಂತ ಹೊಳೆದಿರಲಿಲ್ಲ. ಬೆರಳೆಣಿಕೆ ಇಲ್ಲ, ಕೈ ಬೀಸುವವರಿಲ್ಲ. ಒಂದು ಉಸಿರಲ್ಲೇ ಎಷ್ಟು ವೇಗ, ಎಷ್ಟು ಜೋರು, ಎಲ್ಲ ಇದೆ. "ಇದರಲ್ಲಿ ಮುಖ್ಯ ಗಾಯಕರು ಯಾರು?" ಅಂತ ಇನ್ನೊಂದು ಪ್ರಶ್ನೆ. ಸರದಿ ಪ್ರಕಾರ ಎಲ್ಲರೂ ಅಂದೆ. ಅವಳು ಒಪ್ಪಲಿಲ್ಲ. "ಯಾರೋ ಒಬ್ಬರು ಇದ್ದೇ ಇರ್ತಾರೆ."

ಮಗಳಿಗೆ ಇಷ್ಟವಾಯಿತಾ ಅಂತ ಕೇಳಬೇಡಿ. ಅವಳು ನಡುವಿನ ಹೊಸ ಕೃತಿಯನ್ನು ಮೆಚ್ಚಿಕೊಂಡಳು. ಬದುಕಿರುವ ಸಂಯೋಜಕರನ್ನೂ ಇಲ್ಲಿಗೆ ಕರೆಸುತ್ತಾರೆ, ಒಳ್ಳೇ ಪದ್ಧತಿ. ನನಗೆ ಅದು ಮೋಲ್ಡಿಂಗ್ ಮೆಷಿನ್ ಕೆಟ್ಟ ದಿನವನ್ನು ನೆನಪಿಸಿತು.

ವಿರಾಮದಲ್ಲಿ ಪಕ್ಕದ ಅಜ್ಜ ಎಲ್ಲಿಂದ ಬಂದಿರಿ ಅಂದರು. ಮೈಸೂರು ಅಂದೆ. ಅವರ ಕಣ್ಣು ಅರಳಿತು. "ಮೆಡ್ಟ್‌ನರ್!" ಅಂದರು. ನನಗೆ ಖುಷಿಯಾಗಿ ಬೆನ್ನು ನೋವೇ ಮರೆತುಹೋಯಿತು. ವಿಷಯ ಏನೆಂದರೆ, ನಮ್ಮ ಜಯಚಾಮರಾಜೇಂದ್ರ ಒಡೆಯರಿಗೆ ಪಿಯಾನೋ ಅಂದರೆ ಪ್ರಾಣ. ಲಂಡನ್ನಿನಲ್ಲಿ ಎಲ್ಲರೂ ಮರೆತಿದ್ದ ನಿಕೊಲಾಯ್ ಮೆಡ್ಟ್‌ನರ್ ಅನ್ನುವ ರಷ್ಯನ್ ಸಂಯೋಜಕನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಅರಸರು ತಮ್ಮ ದುಡ್ಡಿನಲ್ಲಿ ರೆಕಾರ್ಡ್ ಮಾಡಿಸಿದರು. ವರ್ಮಾಂಟಿನ ಬೆಟ್ಟದ ಮೇಲೆ, ಆ ಹಳೇ ರೆಕಾರ್ಡುಗಳಿಂದ ನಮ್ಮ ಊರಿನ ಹೆಸರು ಕಲಿತವರೊಬ್ಬರು ಸಿಕ್ಕಿದರು. ಹೆಂಡತಿಗೆ ಹೇಳಿದೆ. "ಮಹಾರಾಜರು ಎಲ್ಲಿಗೂ ತಲುಪಿದ್ದಾರೆ ನೋಡಿ, ನೀವು ಟಾಯ್ಲೆಟ್ಟಿನ ಲೈನಿಗೆ ತಲುಪಿ, ಬೆಲ್ ಹೊಡೆಯುತ್ತೆ" ಅಂದಳು.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಕಚೇರಿಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಐದು ವಾರಾಂತ್ಯ ಮಾತ್ರ. ಭಾನುವಾರದ್ದು ಆರಿಸಿಕೊಳ್ಳಿ, ಬೆಟ್ಟದ ರಸ್ತೆಯಲ್ಲಿ ಕತ್ತಲಲ್ಲಿ ಕಾರು ಓಡಿಸುವುದು ತಪ್ಪುತ್ತದೆ. ರೂಟ್ 9ರಲ್ಲೇ ಇನ್ನೂ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಹಾಗ್‌ಬ್ಯಾಕ್ ಅನ್ನುವ ಜಾಗ, ನೂರು ಮೈಲಿ ಕಾಣುತ್ತದೆ ಅನ್ನುತ್ತಾರೆ. ನಾವು ಹೋದಾಗ ಮಂಜು, ಹತ್ತು ಅಡಿ ಕಂಡಿತು. ಎಲ್ಲಕ್ಕಿಂತ ಮುಖ್ಯ, ಕಚೇರಿಯ ಹೊತ್ತಿಗೆ ಸರಿಯಾಗಿ ಹೋಗಬೇಡಿ. ಬೆಳಿಗ್ಗೆಯೇ ಹೋಗಿ. ಹುಲ್ಲಿನ ಮೇಲೆ ಸುಮ್ನೆ ಅಡ್ಡಾಡಿ.

ಯಾಕೆಂದರೆ ನನಗೆ ಬೇಕಾದದ್ದು ಸಿಕ್ಕಿದ್ದು ಹಾಗೆ. ಭಾನುವಾರ ಬೆಳಿಗ್ಗೆ ಹನ್ನೊಂದು ಇರಬಹುದು. ಮಗಳು ಕಾರಿನಲ್ಲಿ ನಿದ್ದೆ ಹೋಗಿದ್ದಳು. ನಾವಿಬ್ಬರೂ ಒಂದು ಬಿಳಿ ಮರದ ಕಟ್ಟಡದ ಹಿಂದೆ ಹೋಗುತ್ತಿದ್ದಾಗ ತೆರೆದ ಕಿಟಕಿಯಿಂದ ಚೆಲ್ಲೋ ತಂತಿ ಮೀಟುವ ಸದ್ದು ಬಂತು. ಎರಡು ಸಲ ಕೇಳಿದ ಮೇಲೆ ನಿಂತುಬಿಟ್ಟೆ. ಅದೇ. ಶೂಬರ್ಟನ ಎರಡನೇ ಭಾಗ. ಈ ವಾರದ ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ವಾರ ಇರುತ್ತದೋ, ಇರುವುದೇ ಇಲ್ಲವೋ. ನಾವು ಬುಧವಾರ ಮೈಸೂರಿನ ವಿಮಾನ ಹತ್ತುವವರು.

ನಡುವಿನ ಮೂವರ ಉದ್ದನೆಯ ಸ್ವರ ಶುರುವಾಯಿತು. ಮ್ಯೂಸಿಕ್ ಸೆಟ್ಟಿಂಗ್ ಒತ್ತಿದೆ. ನಾಲ್ಕು ಸಾಲು ಆದ ಮೇಲೆ ನಿಲ್ಲಿಸಿದರು. ಒಳಗೆ ಏನೋ ಮಾತು, ಒಂದು ಸಣ್ಣ ನಗು. ಮತ್ತೆ ಮೊದಲಿನಿಂದ. ಮತ್ತೆ ಅದೇ ಜಾಗದಲ್ಲಿ ನಿಂತಿತು. ವಯೋಲಾ ಒಬ್ಬಳನ್ನೇ ಆ ಒಂದು ಸ್ವರ ಹಿಡಿಯಲು ಹೇಳಿದರು. ಹಿಡಿದಳು. ಚೆಲ್ಲೋ ಸೇರಿತು. ಮತ್ತೆ ಎಲ್ಲರೂ. ಮತ್ತೆ ನಿಂತಿತು.

"ಏನು ತಪ್ಪಾಯ್ತು?" ಹೆಂಡತಿ ಪಿಸುಗುಟ್ಟಿದಳು.

"ಏನೂ ಇಲ್ಲ. ಚೆನ್ನಾಗೇ ಇದೆ."

"ಮತ್ತೆ ಯಾಕೆ ನಿಲ್ಲಿಸ್ತಾರೆ?"

ನಾನು ಉತ್ತರ ಹೇಳಲಿಲ್ಲ. ಕೊನೆಯ ಆ ರಿ, ಸ ಬರಬೇಕಾದರೆ ಇನ್ನೂ ಅರ್ಧ ಗಂಟೆಗೂ ಹೆಚ್ಚಿನ ದಾರಿ ಇತ್ತು. ಈ ಲೆಕ್ಕದಲ್ಲಿ ಅವರು ಅವತ್ತು ಆ ಭಾಗದ ಎರಡನೇ ಪುಟ ಮುಟ್ಟುವುದೂ ಅನುಮಾನ. ಒಳಗೆ ಐದೂ ಜನ ಒಟ್ಟಿಗೆ ಉಸಿರೆಳೆದದ್ದು ಕಿಟಕಿಯ ಹೊರಗೆ ನಮಗೂ ಕೇಳಿಸಿತು. ಹೆಂಡತಿ ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲಿನ ಮೇಲೆ ಜಾಕೆಟ್ ಹಾಸಿ ಕೂತು, ಮೊಸರನ್ನದ ಡಬ್ಬಿ ತೆಗೆದಳು.